ಎರಡು ಚೀಟಿ, ಒಂದೇ ಗುಳಿಗೆ

ನಮ್ಮ ಔಷಧ ಅಂಗಡಿ ಇರುವುದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿಯ ಹಿನ್ನೀರು ಹಳೆ ಊರಿನೊಳಗೆ ಬಂದಾಗ ಮನೆ ಬಿಟ್ಟವರಿಗಾಗಿ ಕಟ್ಟಿದ ಊರಿದು. ಇಲ್ಲಿ ವಿಳಾಸ ಕೇಳಿದರೆ ಓಣಿಯ ಹೆಸರಲ್ಲ, ಸೆಕ್ಟರ್ ನಂಬರ್ ಹೇಳುತ್ತಾರೆ. ಹೋದ ಮಳೆಗಾಲದ ಒಂದು ಸಂಜೆ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಬಂದು ಕೌಂಟರಿನ ಮುಂದೆ ನಿಂತರು. ಚೀಟಿ ಕೈಯಲ್ಲೇ ಇತ್ತು, ಕೊಡಲಿಲ್ಲ. ಮೊದಲು ಮೊಬೈಲ್ ತೋರಿಸಿದರು. ಅದರಲ್ಲಿ ಪ್ರಮಿಪೆಕ್ಸೋಲ್ ಎಂಬ ಗುಳಿಗೆಯ ಹೆಸರು, ಅದರ ಕೆಳಗೆ ಪಾರ್ಕಿನ್ಸನ್ ರೋಗದ ಮಾತು.

"ಮೇಡಮ್ಮಾರ, ನನ್ನ ಮಗಗ ಇಪ್ಪತ್ತೇಳು ವರ್ಷ ರೀ. ಮನಸಿನ ತ್ರಾಸ ಐತಂತ ಡಾಕ್ಟರು ಇದನ್ನ ಬರದಾರ. ಇಲ್ಲಿ ನೋಡಿದ್ರ ಮುದುಕರಿಗೆ ಕೈ ನಡಗೂ ಜಡ್ಡಿನ ಗುಳಗಿ ಅಂತ ಐತಿ. ನನ್ನ ಮಗಗ ಖರೇ ಏನ್ ಆಗೇತ್ರಿ?"

ಆ ಹೊತ್ತಿಗೆ ಅದೇ ಗುಳಿಗೆಯ ಎರಡು ಸ್ಟ್ರಿಪ್ ನನ್ನ ಚೀಲದಲ್ಲಿದ್ದವು. ಭಾನುವಾರ ಗುಳೇದಗುಡ್ಡಕ್ಕೆ ಹೋಗುವಾಗ ಅಪ್ಪನಿಗೆ ಒಯ್ಯಬೇಕೆಂದು ತೆಗೆದಿಟ್ಟಿದ್ದೆ. ಸ್ಟೂಲ್ ಎಳೆದು ಆಕೆಯನ್ನು ಕೂರಿಸಿದೆ. ಐದು ನಿಮಿಷ ಮಾತಾಡಿದೆ. ಮಗನಿಗೆ ಪಾರ್ಕಿನ್ಸನ್ ಬಂದಿಲ್ಲ, ಡಾಕ್ಟರು ತಪ್ಪು ಬರೆದಿಲ್ಲ, ಒಂದೇ ಗುಳಿಗೆ ಎರಡು ಕಡೆ ಕೆಲಸ ಮಾಡುತ್ತದೆ ಎಂದೆ. ಆಕೆ ತಲೆಯಾಡಿಸಿ ಹೋದರು. ಆದರೆ ಆ ಉತ್ತರ ಐದು ನಿಮಿಷದ್ದಲ್ಲ. ನಮ್ಮ ಮನೆಯಲ್ಲಿ ಅದನ್ನು ತಿಳಿಯಲು ವರ್ಷಗಳೇ ಹಿಡಿದವು. ಔಷಧದ ಓದು ಓದಿದ ಮಗಳು ಮನೆಯಲ್ಲಿದ್ದೂ ಹಿಡಿದವು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಪ್ಪ ಖಣ ನೇಯ್ದವರು. ನಮ್ಮ ಕಡೆಯ ಹೆಣ್ಣುಮಕ್ಕಳ ಕುಪ್ಪಸದ ಬಟ್ಟೆ ಅದು. ತೇರು, ಆನೆ ಹೆಜ್ಜೆ ಎಂದೆಲ್ಲ ಅದರ ಬುಟ್ಟಾಗಳಿಗೆ ಹೆಸರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಅಪ್ಪ ಊಟಕ್ಕೇ ಏಳುತ್ತಿದ್ದುದು. ಹಗ್ಗ ಜಗ್ಗಿದರೆ ಲಾಳಿ ಹಾರುತ್ತದೆ, ಹಲಗೆ ಬಡಿದು ಎಳೆ ಕೂಡುತ್ತದೆ. ಎಲ್ಲ ಮಗ್ಗದ ಸಪ್ಪಳವೂ ಒಂದೇ ಎಂದು ಹೊರಗಿನವರಿಗೆ ಅನ್ನಿಸಬಹುದು. ನಾವು ಶಾಲೆಯಿಂದ ಬರುವಾಗ ಓಣಿಯ ತಿರುವಿನಲ್ಲೇ ಅಪ್ಪನ ಮಗ್ಗವನ್ನು ಗುರುತಿಸುತ್ತಿದ್ದೆವು. ನಡಿಗೆ ಕೇಳಿ ಮನುಷ್ಯನನ್ನು ಗುರುತಿಸುವುದಿಲ್ಲವೇ, ಹಾಗೆ.

ಆ ಸಪ್ಪಳದ ನಡುವೆ ಬಿಡುವು ಹೆಚ್ಚಾಗುತ್ತ ಬಂದದ್ದು ಯಾವಾಗ ಎಂದು ಖಚಿತವಾಗಿ ಹೇಳಲಾರೆ. ಅದಕ್ಕೂ ಎಷ್ಟೋ ಮೊದಲು ಅಪ್ಪನಿಗೆ ಒಗ್ಗರಣೆಯ ವಾಸನೆ ತಿಳಿಯುತ್ತಿರಲಿಲ್ಲ. ಹಾಲು ಹೊತ್ತಿದರೂ ಪಕ್ಕದಲ್ಲೇ ಕೂತಿರುತ್ತಿದ್ದರು. ನಿದ್ದೆಯಲ್ಲಿ ಚೀರಿ ಕಾಲು ಝಾಡಿಸುತ್ತಿದ್ದರು. ಹೊಟ್ಟೆ ಸಾಫಾಗುತ್ತಿರಲಿಲ್ಲ. ಇವೆಲ್ಲ ಪಾರ್ಕಿನ್ಸನ್ ರೋಗ ಬರುವ ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳಬಹುದಾದ ಸೂಚನೆಗಳು ಎಂದು ಈಗ ಗೊತ್ತು. ಆಗ ವಯಸ್ಸಾಯಿತು ಅಂದುಕೊಂಡೆವು. ಆಮೇಲೆ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಸುಮ್ಮನೆ ಕೂತಾಗಲೂ ಒಂದನ್ನೊಂದು ತಿಕ್ಕತೊಡಗಿದವು. ಹರಿದ ಎಳೆಯನ್ನು ಹೊಸೆದು ಕೂಡಿಸುವಾಗ ನೇಕಾರರ ಬೆರಳು ಹೇಗೆ ಆಡುತ್ತವೋ ಥೇಟ್ ಹಾಗೆ. "ಕೈಗೆ ರೂಢಿ ಬಿದ್ದೈತಿ, ಕುಂತಲ್ಲೂ ಎಳಿ ಹೊಸೀತಾರ ನಿಮ್ಮಪ್ಪಾರು," ಎಂದು ಅವ್ವ ನಗುತ್ತಿದ್ದಳು. ನಾನೂ ನಕ್ಕಿದ್ದೆ. ಪಾರ್ಕಿನ್ಸನ್ನಿನ ನಡುಕ ಹೀಗೇ, ಎರಡು ಬೆರಳ ನಡುವೆ ಏನನ್ನೋ ಉರುಳಿಸಿದಂತೆ ಇರುತ್ತದೆ ಎಂದು ಪುಸ್ತಕದಲ್ಲಿ ಓದಿದ್ದವಳು ನಾನು.

ಇನ್ನು ನನ್ನ ಎದೆಯಲ್ಲಿ ಇವತ್ತಿಗೂ ಚುಚ್ಚುವ ಮಾತು. ಹೊಟ್ಟೆ ಉಬ್ಬರಕ್ಕೆಂದು ಒಬ್ಬ ವೈದ್ಯರು ಹದಿನೈದು ದಿನಕ್ಕೆ ಬರೆದ ಕ್ಯಾಪ್ಸೂಲನ್ನು ನಾನು ಎಂಟು ತಿಂಗಳು ಅಂಗಡಿಯಿಂದ ಕಳಿಸಿದೆ. ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಕೂಡಿಸಿದ ಕ್ಯಾಪ್ಸೂಲ್. ಜನ ಇಂಥದನ್ನು ಗ್ಯಾಸಿನ ಗುಳಿಗೆ ಎಂದು ಕೇಳಿ ಒಯ್ಯುತ್ತಾರೆ. ಲೆವೊಸಲ್ಪಿರೈಡ್ ಹೊಟ್ಟೆಯನ್ನು ಚುರುಕು ಮಾಡುತ್ತದೆ ನಿಜ, ಜೊತೆಗೆ ಮಿದುಳಿನಲ್ಲಿ ಕೈಕಾಲು ಆಡಿಸುವ ಡೋಪಮೈನ್ ಎಂಬ ರಾಸಾಯನಿಕದ ದಾರಿಗೆ ಅಡ್ಡ ನಿಲ್ಲುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಫ್ಲುನರಿಜಿನ್ ಕೂಡ ಇದೇ ಜಾತಿಯ ಕೆಡುಕು ಮಾಡಬಲ್ಲವು. ಎಂಟು ತಿಂಗಳಲ್ಲಿ ಅಪ್ಪನ ಕಾಲು ನೆಲಕ್ಕೆ ಅಂಟಿಕೊಂಡವು, ಮುಖ ಕಟ್ಟಿಗೆಯಾಯಿತು, ದನಿ ಕಿವಿ ಹತ್ತಿರ ಒಯ್ದರಷ್ಟೇ ಕೇಳುವಂತಾಯಿತು.

ಬೆಳಗಾವಿಯ ನರರೋಗ ತಜ್ಞರು ಅಪ್ಪನಿಗಿಂತ ಮೊದಲು ಚೀಲದಲ್ಲಿದ್ದ ಸ್ಟ್ರಿಪ್ಪುಗಳನ್ನು ನೋಡಿದರು. "ಇದನ್ನ ಯಾರು ಕೊಟ್ಟದ್ದು?" ಎಂದು ಕೇಳಿದರು. "ನಾನ ರೀ ಸರ್," ಎಂದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಕ್ಯಾಪ್ಸೂಲ್ ನಿಲ್ಲಿಸಿದ ಮೇಲೆ ಮೂರ್ನಾಲ್ಕು ತಿಂಗಳಲ್ಲಿ ಎಡಗೈ ಹೆಚ್ಚುಕಡಿಮೆ ಸರಿಯಾಯಿತು, ಬಲಗೈ ಆಗಲಿಲ್ಲ. ಒಳಗೆ ಮೊದಲೇ ರೋಗವಿತ್ತು, ಕ್ಯಾಪ್ಸೂಲು ಅದರ ಮೇಲಿನ ಮುಸುಕು ತೆಗೆಯಿತು ಎಂದರು ತಜ್ಞರು. ಯಾವ ಸ್ಕ್ಯಾನನ್ನೂ ನೋಡಿ ಅವರು ಇದನ್ನು ಹೇಳಲಿಲ್ಲ. ಅಪ್ಪನ ಕೈಯಲ್ಲಿ ಬರೆಸಿದರು, ಬೆರಳು ತಟ್ಟಿಸಿದರು, ಕಾರಿಡಾರಿನಲ್ಲಿ ನಡೆಸಿದರು. ಅಪ್ಪ ಬರೆದ ಸಾಲು ಎಡದಿಂದ ಬಲಕ್ಕೆ ಹೋಗುತ್ತ ಹೋಗುತ್ತ ಇರುವೆಯಷ್ಟು ಸಣ್ಣದಾಗಿತ್ತು.

ಮನೆಗೆ ಬಂದ ಮೇಲೆ ಅಪ್ಪನಿಗೆ ರೋಗ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮಿದುಳಿನ ನಡುಭಾಗದಲ್ಲಿ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಕಪ್ಪು ಜಾಗ, ಅಲ್ಲಿನ ನರಕೋಶಗಳು ಮಾಡುವ ಡೋಪಮೈನ್ ಎಂದರೆ ಅವರಿಗೆ ಏನು ತಿಳಿದೀತು? ನೂಲಿನ ಲೆಕ್ಕದಲ್ಲಿ ಹೇಳಿದೆ. "ಅಪ್ಪಾ, ತಲಿಯಾಗ ನೂಲೂ ಮಂದಿ ಇದ್ದಾರ. ಅವರು ನೂತ ನೂಲಿನಿಂದನ ಕೈಕಾಲು ಆಡ್ತಾವು. ಅವರೊಳಗ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲಸಾ ಬಿಟ್ಟು ಹೋಗ್ಯಾರ." ಇದು ನಾನು ಕಟ್ಟಿದ ಮಾತಲ್ಲ. ಕೈ ನಡುಗಿ ಕಣ್ಣಿಗೆ ಕಾಣುವ ಹೊತ್ತಿಗೆ ಆ ಕೋಶಗಳಲ್ಲಿ ಸುಮಾರು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಹೋಗಿರುತ್ತವೆ.

ಅಪ್ಪ ಕೇಳಿದರು, "ಗುಳಗಿ ಏನ್ ಮಾಡತೈತಿ?" ಅದಕ್ಕೂ ನೂಲಿನದೇ ಉತ್ತರ. ಲೆವೊಡೋಪಾ ಎಂಬುದು ಹತ್ತಿ. ಡೋಪಮೈನನ್ನೇ ನುಂಗಿದರೆ ಅದು ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ, ಹತ್ತಿಯಾದರೆ ದಾಟುತ್ತದೆ. ಒಳಗೆ ಉಳಿದ ಮಂದಿ ಅದನ್ನು ನೂತು ಕೊಡುತ್ತಾರೆ. ದಾರಿಯಲ್ಲೇ ಹೊಟ್ಟೆ, ರಕ್ತದಲ್ಲಿ ಅದು ನೂಲಾಗಿ ಹಾಳಾಗದಿರಲಿ ಎಂದು ಕಾರ್ಬಿಡೋಪಾ ಎಂಬ ಕಾವಲುಗಾರನನ್ನು ಜೊತೆಗೆ ಕಳಿಸುತ್ತಾರೆ. ಸೆಲೆಜಿಲಿನ್, ರಸಾಜಿಲಿನ್ ಎಂಬ ಗುಳಿಗೆಗಳು ನೂತ ನೂಲನ್ನು ಇಲಿ ಕಡಿಯದಂತೆ ನೋಡಿಕೊಳ್ಳುತ್ತವೆ. ಪ್ರಮಿಪೆಕ್ಸೋಲ್ ಹತ್ತಿಯೂ ಅಲ್ಲ, ಕಾವಲೂ ಅಲ್ಲ. ಅದು ಹೊರಗಿನ ಮಿಲ್ಲಿನಲ್ಲಿ ಆದ ಸಿದ್ಧ ನೂಲು. ಮನೆಯ ನೂಲಲ್ಲ, ಆದರೆ ಅದೇ ಮಗ್ಗಕ್ಕೆ ಹೊಂದುತ್ತದೆ. ಅಂದರೆ ಡೋಪಮೈನ್ ಕೂರಬೇಕಾದ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ನೂಲೂ ಮಂದಿ ತಿರುಗಿ ಬರೂದಿಲ್ಲೇನು?" ಎಂದರು. ಬರುವುದಿಲ್ಲ. ಹೋದ ಕೋಶಗಳನ್ನು ತಿರುಗಿ ತರುವ ಔಷಧ ನನ್ನ ಅಂಗಡಿಯಲ್ಲಷ್ಟೇ ಅಲ್ಲ, ಜಗತ್ತಿನ ಯಾವ ಅಂಗಡಿಯಲ್ಲೂ ಇಲ್ಲ.

ಇಲ್ಲಿ ನಮ್ಮ ನೆಲದ ಎರಡು ಗಿಡಗಳ ಮಾತು ಬರಬೇಕು. ಒಂದು ಸರ್ಪಗಂಧ. ಅದರಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪಿನ್ ರಕ್ತದೊತ್ತಡಕ್ಕೆ ದೊಡ್ಡ ಔಷಧವಾಯಿತು. ಅದನ್ನು ತೆಗೆದುಕೊಂಡ ಕೆಲವರ ಮನಸ್ಸು ಪೂರ್ತಿ ಕುಗ್ಗಿತೆಂದು ವೈದ್ಯರು ಬರೆದರು. ಆ ಸಂಬಂಧ ಎಷ್ಟು ಗಟ್ಟಿಯದು ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ 1957ರ ಸುಮಾರಿಗೆ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಅವು ಕಿವಿ ಇಳಿಬಿಟ್ಟು ಅಲುಗಾಡದೆ ಬಿದ್ದವು. ಲೆವೊಡೋಪಾದ ಚುಚ್ಚುಮದ್ದು ಕೊಟ್ಟರೆ ಎದ್ದು ಓಡಾಡಿದವು. ಡೋಪಮೈನ್ ತನ್ನದೇ ಕೆಲಸವುಳ್ಳ ರಾಸಾಯನಿಕ ಎಂದು ಹೀಗೆ ಜಗತ್ತಿಗೆ ಗೊತ್ತಾಯಿತು, ಕಾರ್ಲ್ಸನ್ನರಿಗೆ 2000ದಲ್ಲಿ ನೊಬೆಲ್ ಬಂತು. 1961ರಲ್ಲಿ ವಿಯೆನ್ನಾದಲ್ಲಿ ಹೊರ್ನಿಕೀವಿಚ್ ಮತ್ತು ಬಿರ್ಕ್‌ಮೇಯರ್ ಪಾರ್ಕಿನ್ಸನ್ ರೋಗಿಗಳಿಗೆ ಲೆವೊಡೋಪಾ ಚುಚ್ಚಿ ನೋಡಿದರು. 1967ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕೊಟ್ಸಿಯಾಸ್ ಸ್ವಲ್ಪ ಸ್ವಲ್ಪವೇ ಏರಿಸುತ್ತ ಬಾಯಿಂದ ಕೊಡುವ ಹಾದಿ ತೋರಿಸಿದರು.

ಇನ್ನೊಂದು ಗಿಡ ನಸುಗುನ್ನಿ. ಹೊಲದ ಬದುವಿನಲ್ಲಿ ಮೈಗೆ ತಾಗಿದರೆ ದಿನವಿಡೀ ತುರಿಸುವ ಅದೇ ಕಾಯಿ. ಅದರ ಬೀಜದಲ್ಲಿ ಲೆವೊಡೋಪಾ ಇದೆಯೆಂದು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಮದರಾಸಿನಿಂದ ಬರೆದರು. ಆಯುರ್ವೇದ ಕಂಪವಾತಕ್ಕೆ ಆ ಬೀಜವನ್ನು ಬಳಸುತ್ತ ಬಂದದ್ದು ಸುಮ್ಮನಲ್ಲ ಎಂದು ನನಗೆ ಹೆಮ್ಮೆಯೇ ಇದೆ. ಆದರೂ ಗುಳಿಗೆ ನುಂಗುತ್ತಿರುವವರು ಡಾಕ್ಟರಿಗೆ ಹೇಳದೆ ಅದರ ಪುಡಿ ತಿನ್ನಬಾರದು ಎಂದು ಬಂದವರಿಗೆಲ್ಲ ಹೇಳುತ್ತೇನೆ. ಎರಡರಲ್ಲೂ ಅದೇ ಪದಾರ್ಥ. ಪುಡಿಯಲ್ಲಿ ಎಷ್ಟಿದೆ ಎಂದು ಅಳೆದು ಕೊಡುವವರು ಯಾರು?

ಲೆವೊಡೋಪಾ ಶುರುವಾದ ಎರಡನೆಯ ವಾರಕ್ಕೆ ಅಪ್ಪ ತಾವೇ ಅಂಗಿಯ ಗುಂಡಿ ಹಾಕಿಕೊಂಡರು. ಊಟಕ್ಕೆ ಅರ್ಧ ತಾಸು ಮೊದಲು ಗುಳಿಗೆ. ಯಾಕೆಂದರೆ ನಮ್ಮ ತಾಟಿನ ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರಿನಲ್ಲಿರುವ ಪ್ರೋಟೀನು ಮಿದುಳಿನ ಬಾಗಿಲಲ್ಲಿ ಲೆವೊಡೋಪಾದ ಜೊತೆ ನೂಕುನುಗ್ಗಲು ಮಾಡುತ್ತದೆ. ಅವ್ವ ಗಡಿಯಾರ ನೋಡಿ ರೊಟ್ಟಿ ಬಡಿಯುವುದನ್ನು ಕಲಿತಳು. ಕಾಲು ಎದ್ದವು, ಕೈ ಬಂತು. ಎಲ್ಲರೂ ಗೆದ್ದೆವು ಅಂದುಕೊಂಡೆವು.

ಆದರೆ ಅಪ್ಪ ಮಗ್ಗದ ಕಡೆ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತರೆ ಕೂತೇ ಇರುತ್ತಿದ್ದರು. ಮೊಮ್ಮಕ್ಕಳು ಬಂದರೆ ಮೊದಲು ಜೇಬಿನಲ್ಲಿ ಪೇಪರ್‌ಮಿಂಟ್ ಹುಡುಕುತ್ತಿದ್ದ ಮನುಷ್ಯ, ಈಗ ಮಕ್ಕಳು ತೊಡೆಯೇರಿದರೂ ಎಲ್ಲೋ ನೋಡುತ್ತಿದ್ದರು. "ಉಣವಲ್ರು, ಮಾತಾಡವಲ್ರು, ಇದು ಬರೇ ಹಠ," ಎಂದಳು ಅವ್ವ. ಖಣಕ್ಕೆ ಬೆಲೆ ಇಲ್ಲದ ದುಃಖ ಎಂದ ಅಣ್ಣ. ನಾನು ನನ್ನ ಪಾಲಿನ ವಿವರಣೆ ಹುಡುಕಿಕೊಂಡೆ: ಇಂಥ ರೋಗ ಬಂದ ಮೇಲೆ ಯಾರಿಗೆ ತಾನೇ ಬೇಸರ ಆಗುವುದಿಲ್ಲ? ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೇಸರಕ್ಕೆ ಕಾರಣ ಕಣ್ಣಿಗೆ ಕಂಡುಬಿಟ್ಟರೆ ಅದಕ್ಕೆ ಮದ್ದು ಹುಡುಕುವುದನ್ನೇ ನಾವು ಬಿಟ್ಟುಬಿಡುತ್ತೇವೆ.

ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಕೇಳಿದೆ. "ಬ್ಯಾಸರ ಆಗೇತೇನಪ್ಪಾ?"

ಅಪ್ಪ ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಂಡರೆಂದರೆ, ಕೇಳಿಸಿಲ್ಲ ಅಂದುಕೊಂಡು ನಾನು ಏಳುವವಳಿದ್ದೆ. "ಬ್ಯಾಸರ ಅಲ್ಲವ್ವ," ಎಂದರು. "ಬ್ಯಾಸರ ಬರಾಕೂ ಒಂದು ಮನಸ ಬೇಕಾಗತೈತಿ. ಅದ ಇಲ್ಲ."

ಅವತ್ತಿನಿಂದ ನಾನು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಬೆಳಗಿನ ಗುಳಿಗೆ ಏಳಕ್ಕೆ. ಹನ್ನೊಂದೂವರೆಗೆ ಕಾಲು ಭಾರವಾಗುತ್ತವೆ, ಗುಳಿಗೆ ಇಳಿಯುವ ಹೊತ್ತದು. ಆದರೆ ಕಾಲಿಗಿಂತ ಕಾಲು ತಾಸು ಮೊದಲು ಮುಖ ಇಳಿಯುತ್ತಿತ್ತು. ಎದೆ ಹೊಡೆದುಕೊಳ್ಳುತ್ತದೆ, ಯಾರೋ ಸತ್ತ ಸುದ್ದಿ ಬರುತ್ತದೆ ಅನ್ನಿಸುತ್ತದೆ ಎನ್ನುತ್ತಿದ್ದರು. ಮುಂದಿನ ಗುಳಿಗೆ ಏರಿದ ಮೇಲೆ ಆ ಭಯವೂ ಹೋಗುತ್ತಿತ್ತು. ಖಣದ ಬೆಲೆಯ ದುಃಖವಾಗಿದ್ದರೆ ಗಡಿಯಾರ ನೋಡಿ ಬಂದು ಗಡಿಯಾರ ನೋಡಿ ಹೋಗುತ್ತಿತ್ತೇ? ಆ ನೋಟ್‌ಬುಕ್ ಹಿಡಿದುಕೊಂಡು ಮತ್ತೆ ಬೆಳಗಾವಿಗೆ ಹೋದೆವು.

ತಜ್ಞರು ಹೇಳಿದ್ದನ್ನು ಆಮೇಲೆ ನಾನೂ ಓದಿ ತಿಳಿದೆ. ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಲಂಡನ್ನಿನಲ್ಲಿ ಆರು ಜನರನ್ನು ನೋಡಿ ಈ ರೋಗದ ಬಗ್ಗೆ ಮೊದಲ ಬಾರಿಗೆ ವಿವರವಾಗಿ ಬರೆದ ವೈದ್ಯ. ಇಂದ್ರಿಯಗಳಿಗೂ ಬುದ್ಧಿಗೂ ಧಕ್ಕೆಯಿಲ್ಲ ಎಂದು ಅವರು ಬರೆದರು. ಅಷ್ಟು ಚೊಕ್ಕ ಕಣ್ಣಿನ ಮನುಷ್ಯ, ಆದರೂ ಆ ಒಂದು ಮಾತು ಬಹಳ ಕಾಲ ದಾರಿ ತಪ್ಪಿಸಿತು ಎಂದು ನನ್ನ ಭಾವನೆ. ಕೈಕಾಲಿನ ರೋಗವೆಂದೇ ಎಲ್ಲರೂ ನೋಡಿದರು. ಇವತ್ತು ಗೊತ್ತಿರುವುದೇ ಬೇರೆ: ಪಾರ್ಕಿನ್ಸನ್ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣಗಳಿರುತ್ತವೆ. ಕೆಲವರಲ್ಲಿ ಅದು ನಡುಕಕ್ಕಿಂತ ಮೊದಲೇ ಬರುತ್ತದೆ. ರೋಗ ಬಂತೆಂದು ಅಳುವುದು ಬೇರೆ. ಆದರೆ ಕೈಯ ನೂಲು ಕಡಿಮೆ ಮಾಡಿದ ರೋಗವೇ ಮನಸ್ಸಿನ ನೂಲನ್ನೂ ಕಡಿಮೆ ಮಾಡುತ್ತದೆ. ಡೋಪಮೈನಿನ ಒಂದು ದಾರಿ ಚಲನೆಯ ಕಡೆ ಹೋದರೆ, ಅದರ ಪಕ್ಕದಿಂದಲೇ ಹೊರಡುವ ಇನ್ನೊಂದು ದಾರಿ ಬೇಕು ಅನ್ನಿಸುವ ಕಡೆ, ಮಾಡೋಣ ಎಂದು ಏಳುವ ಕಡೆ ಹೋಗುತ್ತದೆ. ಪ್ರಮಿಪೆಕ್ಸೋಲ್ ಹೆಚ್ಚು ಒಲವಿನಿಂದ ಹೋಗಿ ಕೂರುವ ಡಿ3 ಎಂಬ ಗ್ರಾಹಕಗಳು, ಅಂದರೆ ಡೋಪಮೈನ್ ಕೂರುವ ಜಾಗಗಳು, ಈ ಎರಡನೆಯ ದಾರಿಯಲ್ಲೇ ಹೆಚ್ಚು.

ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಾರ್ಕಿನ್ಸನ್ ಜೊತೆ ಖಿನ್ನತೆಯೂ ಇದ್ದ 296 ಜನರಲ್ಲಿ ಕೆಲವರಿಗೆ ಪ್ರಮಿಪೆಕ್ಸೋಲ್, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟರು. ಗುಳಿಗೆ ತೆಗೆದುಕೊಂಡವರ ಮನಸ್ಸು ಹೆಚ್ಚು ಸುಧಾರಿಸಿತು. ಕೈಕಾಲು ಚೆನ್ನಾದ ಖುಷಿಗೆ ಮನಸ್ಸೂ ಚೆನ್ನಾಯಿತೋ ಅಥವಾ ಗುಳಿಗೆ ನೇರವಾಗಿ ಮನಸ್ಸಿಗೇ ಮುಟ್ಟಿತೋ ಎಂದು ಲೆಕ್ಕ ಹಾಕಿದಾಗ, ಪರಿಣಾಮದ ನೂರರಲ್ಲಿ ಸುಮಾರು 80 ಭಾಗ ನೇರವಾದದ್ದೇ ಎಂದು ಕಂಡಿತು. ನಮ್ಮ ಮನೆಯ ವಾದಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಸಿಕ್ಕಿಲ್ಲ.

ಅಪ್ಪನಿಗೆ ಅತಿ ಚಿಕ್ಕ ಗುಳಿಗೆಯಿಂದ, 0.125 ಮಿಲಿಗ್ರಾಂನಿಂದ ಶುರು ಮಾಡಿದರು. ಮೂತ್ರಪಿಂಡ ಸರಿಯಿದೆಯೇ ಎಂದು ಮೊದಲು ರಕ್ತ ಪರೀಕ್ಷೆ, ಯಾಕೆಂದರೆ ಈ ಔಷಧ ಹೊರಗೆ ಹೋಗುವುದು ಬಹುಪಾಲು ಅಲ್ಲಿಂದಲೇ. ಮೊದಲ ವಾರ ವಾಕರಿಕೆ ಬಂತು. ಎದ್ದು ನಿಂತರೆ ಕಣ್ಣಿಗೆ ಕತ್ತಲು. ಬಿಡುತ್ತೇನೆಂದರು, ತಡೆಯಿರಿ ಎಂದೆವು. ವಾರ ವಾರ ಸ್ವಲ್ಪ ಏರಿಸಿದರು. ಐದೋ ಆರೋ ವಾರ ಆಗಿರಬೇಕು, ಅವ್ವ ಫೋನ್ ಮಾಡಿದಳು. ಅಳುತ್ತಿದ್ದಳು, ನನ್ನ ಎದೆ ಧಸಕ್ಕೆಂದಿತು. "ಏನಾತವ್ವಾ?" ಎಂದರೆ, "ನಿಮ್ಮಪ್ಪಾರು ಬ್ಯಾಸರಾತು ಅಂದ್ರು," ಎಂದಳು. ಕೂತು ಕೂತು ಬ್ಯಾಸರಾತು, ಸಂತಿಗಾರ ಹೋಗಿ ಬರತೇನು ಅಂದರಂತೆ. ನಾನೂ ಅಂಗಡಿಯ ಒಳಕೋಣೆಗೆ ಹೋಗಿ ಅತ್ತೆ.

ಈಗ ಆ ತಾಯಿಯ ಮಗನ ವಿಷಯ. ಅವನಿಗೆ ಪಾರ್ಕಿನ್ಸನ್ ಇಲ್ಲ. ಅವನಂಥವರಿಗೆ ಮೊದಲು ಕೊಡುವ ಗುಳಿಗೆಗಳು ಬಹುತೇಕ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ, ಬಹಳ ಜನಕ್ಕೆ ಅವೇ ಸಾಕಾಗುತ್ತವೆ. ಸಾಕಾಗದವರೂ ಇದ್ದಾರೆ. ಅತ್ತು ಅತ್ತು ಸಾಕಾದವರಿಗಿಂತ, ಅಳುವೂ ಬಾರದೆ, ಯಾವುದೂ ಬೇಡವಾಗಿ ಗೋಡೆ ನೋಡುತ್ತ ಮಲಗಿದವರಿಗೆ ಡೋಪಮೈನಿನ ದಾರಿ ಹಿಡಿದರೆ ಹೇಗೆ ಎಂಬ ಯೋಚನೆ ಹಳೆಯದು. 2025ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬ್ರಿಟನ್ನಿನ ಒಂದು ದೊಡ್ಡ ಪರೀಕ್ಷೆ ಪ್ರಕಟವಾಯಿತು. ಆಕ್ಸ್‌ಫರ್ಡಿನ ತಂಡದ್ದು, ಹೆಸರು ಪ್ಯಾಕ್ಸ್-ಡಿ. ಬೇರೆ ಔಷಧಗಳಿಗೆ ಜಗ್ಗದ ಖಿನ್ನತೆಯ 150 ಜನ. ಅವರು ತೆಗೆದುಕೊಳ್ಳುತ್ತಿದ್ದ ಗುಳಿಗೆಯ ಜೊತೆಗೇ ಅರ್ಧ ಜನಕ್ಕೆ ಪ್ರಮಿಪೆಕ್ಸೋಲ್, ಅರ್ಧ ಜನಕ್ಕೆ ಹುಸಿ ಗುಳಿಗೆ, 48 ವಾರ. 12ನೆಯ ವಾರಕ್ಕೇ ಎರಡು ಗುಂಪುಗಳ ನಡುವೆ ಎದ್ದು ಕಾಣುವ ವ್ಯತ್ಯಾಸವಿತ್ತು. ಆದರೆ ಸುಮಾರು ಐವರಲ್ಲಿ ಒಬ್ಬರು ವಾಕರಿಕೆ, ನಿದ್ದೆಗೇಡು, ತಲೆಸುತ್ತು ತಾಳದೆ ಗುಳಿಗೆ ಬಿಟ್ಟರು. ಹೀಗಾಗಿ ಇದು ಮೊದಲ ಮದ್ದಲ್ಲ. ಬೇರೆ ದಾರಿಗಳು ಮುಗಿದಾಗ ಮನೋವೈದ್ಯರು ಯೋಚಿಸಿ ಹಿಡಿಯುವ ದಾರಿ. ಹೀಗೆ ಎರಡೂ ಕಡೆ ಓಡಾಡುವ ಔಷಧ ಇದೊಂದೇ ಅಲ್ಲ. ಇಲಿ ಕಡಿಯದಂತೆ ನೂಲು ಕಾಯುವ ಸೆಲೆಜಿಲಿನ್ ಇದೆಯಲ್ಲ, ಅದನ್ನು ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿ ಅಮೆರಿಕದಲ್ಲಿ 2006ರಲ್ಲಿ ಖಿನ್ನತೆಗೆಂದೇ ಒಪ್ಪಿದರು.

ಡೋಪಮೈನನ್ನು ಖುಷಿಯ ಹಾರ್ಮೋನ್ ಎಂದು ಮೊಬೈಲಿನಲ್ಲಿ ದಿನಾ ಯಾರೋ ಒಬ್ಬರು ಹೇಳುತ್ತಿರುತ್ತಾರೆ. ಆ ಮಾತು ನನಗೆ ಸೇರುವುದಿಲ್ಲ. ಖುಷಿ ಅದರ ಕೆಲಸವಾಗಿದ್ದರೆ ಅಪ್ಪ ಮೊದಲು ನಗಬೇಕಿತ್ತು. ಅವರಿಗೆ ಮೊದಲು ಬಂದದ್ದು ಬೇಸರ, ಆಮೇಲೆ ಸಂತೆಯ ನೆನಪು, ಆಮೇಲೆ ಚಹಾಕ್ಕೆ ಸಕ್ಕರೆ ಕಡಿಮೆಯೆಂಬ ತಕರಾರು. ಏನೋ ಬೇಕು ಅನ್ನಿಸಿದ ಮೇಲೆ ತಾನೇ ಅದು ಸಿಕ್ಕರೆ ಖುಷಿ, ಸಿಗದಿದ್ದರೆ ಸಿಟ್ಟು?

ಬೇಕು ಅನ್ನಿಸುವುದು ಅತಿಯಾಗುವುದೂ ಉಂಟು. ಅಂಗಡಿಗೆ ಬಂದ ಆ ತಾಯಿಗೆ ನಾನು ಇದನ್ನೂ ಹೇಳಿದೆ, ಹೇಳದೆ ಕಳಿಸಲು ಮನಸ್ಸು ಒಪ್ಪಲಿಲ್ಲ.

ಅಪ್ಪ ಮೊದಮೊದಲು ಮಗ್ಗಕ್ಕೆ ಕೂರಲಾಗದಿದ್ದರೂ ರಾಟಿ ಹಿಡಿದು ಕಂಡಿಕೆ ಸುತ್ತಿಕೊಡತೊಡಗಿದರು. ಲಾಳಿಯೊಳಗೆ ಹಾಕುವ ಹೊಕ್ಕಿನ ನೂಲಿನ ಸುತ್ತು ಅದು. ಪಕ್ಕದ ಮನೆಯ ನೇಕಾರರಿಗೆ ದಿನಕ್ಕೆ ಹತ್ತೋ ಇಪ್ಪತ್ತೋ. ಅವ್ವನ ಮುಖ ಅರಳಿತ್ತು. ಗುಳಿಗೆ ಇನ್ನೊಂದು ಹಂತ ಏರಿದ ಮೇಲೆ ಒಮ್ಮೆ ನಾನು ರಾತ್ರಿ ಅಲ್ಲೇ ಉಳಿದಿದ್ದೆ. ಎರಡು ಗಂಟೆಗೆ ರಾಟಿಯ ಸಪ್ಪಳಕ್ಕೆ ಎಚ್ಚರಾಯಿತು. ನಡುಮನೆಯಲ್ಲಿ ದೀಪ ಹಚ್ಚಿಕೊಂಡು ಅಪ್ಪ ಕೂತಿದ್ದರು. ಸುತ್ತಿದ ಕಂಡಿಕೆಯನ್ನು ಪೂರ್ತಿ ಬಿಚ್ಚಿದರು. ಮತ್ತೆ ಸುತ್ತಿದರು. ಬೆಳಕಿಗೆ ಹಿಡಿದು ನೋಡಿ ಮತ್ತೆ ಬಿಚ್ಚಿದರು. ಪಕ್ಕದಲ್ಲಿ ಬಣ್ಣ ಬಣ್ಣದ ಕಂಡಿಕೆಗಳು ಸಾಲಾಗಿದ್ದವು, ಆ ಸಾಲನ್ನೂ ಕೆಡಿಸಿ ಮತ್ತೆ ಜೋಡಿಸಿದರು. ಮೊದಲ ಕ್ಷಣ ನನಗಾದದ್ದು ಸಂತೋಷ. ಅಪ್ಪನಿಗೆ ಕೆಲಸದ ಹುರುಪು ಬಂದಿದೆ! ಬಾಗಿಲಲ್ಲಿ ಅರ್ಧ ತಾಸು ನಿಂತೆ. ಮಲಗೋಣ ಬರ್ರಿ ಎಂದರೆ, ಇದೊಂದು ಮುಗಿಸತೇನು ಎಂದರು. ಅದು ಮುಗಿಯುವ ಕೆಲಸವಾಗಿರಲಿಲ್ಲ. ಬೆರಳಿನ ಚರ್ಮ ನೂಲಿಗೆ ಸವೆದು ಕೆಂಪಾಗಿತ್ತು.

ಇದಕ್ಕೂ ಹೆಸರಿದೆ, ಪಂಡಿಂಗ್. ಸ್ವೀಡಿಶ್ ಮಾತಿನಿಂದ ಬಂದ ಹೆಸರು. ಡೋಪಮೈನ್ ಹೆಚ್ಚಿಸುವ ಔಷಧ ಅತಿಯಾದಾಗ ಕೆಲವರು ಗುರಿಯಿಲ್ಲದ ಒಂದೇ ಕೆಲಸವನ್ನು ತಾಸುಗಟ್ಟಲೆ ಮಾಡುತ್ತಾರೆ. ಎಷ್ಟೋ ಸಲ ಅದು ಅವರ ಹಳೆಯ ಕಸುಬಿನದೇ ತುಣುಕಾಗಿರುತ್ತದೆ. ಇನ್ನು ಕೆಲವರಿಗೆ ಜೂಜು, ಕೊಳ್ಳುವ ಚಟ, ತಿನ್ನುವ ಚಟ, ಅತಿಯಾದ ಕಾಮ. 2010ರಲ್ಲಿ 3,090 ಪಾರ್ಕಿನ್ಸನ್ ರೋಗಿಗಳನ್ನು ನೋಡಿದ ಅಧ್ಯಯನದಲ್ಲಿ, ಪ್ರಮಿಪೆಕ್ಸೋಲಿನ ಬಳಗದ ಔಷಧ ತೆಗೆದುಕೊಳ್ಳುವ ನೂರರಲ್ಲಿ ಸುಮಾರು 17 ಜನಕ್ಕೆ, ತೆಗೆದುಕೊಳ್ಳದ ನೂರರಲ್ಲಿ ಸುಮಾರು 7 ಜನಕ್ಕೆ ಇಂಥ ತೊಂದರೆ ಕಂಡಿತು. ಮರ್ಯಾದಸ್ಥ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಮಟ್ಕಾ ಚೀಟಿ ಬರೆಸತೊಡಗಿದರೆ ಊರು ಆಡಿಕೊಳ್ಳುತ್ತದೆ, ಮಕ್ಕಳು ಮುಖ ತಿರುಗಿಸುತ್ತಾರೆ. ಗುಳಿಗೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹಾಗೆ ಮನೆ ಒಡೆಯುವುದಕ್ಕಿಂತ ಮೊದಲು ಒಂದು ಸಲ ಡಾಕ್ಟರಿಗೆ ಹೇಳಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಹಾಗೆಂದು ಗುಳಿಗೆಯನ್ನು ತಾವೇ ಒಮ್ಮೆಲೇ ನಿಲ್ಲಿಸಬಾರದು. ಇಳಿಸುವಾಗಲೂ ಏರಿಸಿದ ಹಾಗೆಯೇ, ಮೆಟ್ಟಿಲು ಮೆಟ್ಟಿಲಾಗಿ.

ಅಪ್ಪನಿಗೆ ಹಾಗೇ ಇಳಿಸಿದರು. ರಾತ್ರಿಯ ರಾಟಿ ನಿಂತಿತು. ನನಗೆ ಒಂದು ಭಯವಿತ್ತು: ಹಗಲಿನ ರಾಟಿಯೂ ನಿಂತುಹೋದರೆ? ಎರಡು ವಾರ ಅಪ್ಪ ಮತ್ತೆ ಕಟ್ಟೆಯ ಮೇಲೆ ಮಂಕಾಗಿ ಕೂತರು. ಮೂರನೆಯ ವಾರ ಪಕ್ಕದ ಮನೆಯ ಹುಡುಗ ಬಂದು, "ಕಾಕಾ, ಕಂಡಿಕಿ ಮುಗದಾವ್ರಿ" ಎಂದಾಗ ಗೋಡೆ ಹಿಡಿದುಕೊಂಡು ಎದ್ದರು. ಈಗ ದಿನಕ್ಕೆ ಎಂಟು, ಹತ್ತು. ಕತ್ತಲಾದರೆ ರಾಟಿಯ ಮೇಲೆ ಅವ್ವ ಬಟ್ಟೆ ಮುಚ್ಚುತ್ತಾಳೆ. ಆ ರಾತ್ರಿ ಕಂಡ ಹುರುಪಿನಲ್ಲಿ ಅಪ್ಪನದೆಷ್ಟು, ಗುಳಿಗೆಯದೆಷ್ಟು ಎಂದು ನಾನು ಬಹಳ ಯೋಚಿಸಿದ್ದೇನೆ. ಈಗಿನ ಹತ್ತು ಕಂಡಿಕೆಯಲ್ಲೂ ಗುಳಿಗೆಯ ಪಾಲಿದೆ. ಆದರೂ ಹತ್ತನೆಯದು ಮುಗಿದಾಗ ಅಪ್ಪ ತಾವೇ ರಾಟಿ ನಿಲ್ಲಿಸಿ ಕೈ ಒರೆಸಿಕೊಳ್ಳುತ್ತಾರಲ್ಲ, ಅಲ್ಲಿ ನನಗೆ ಅಪ್ಪ ಕಾಣುತ್ತಾರೆ.

ಆ ಭಾನುವಾರ ಸ್ಟ್ರಿಪ್ ಕೊಡುವಾಗ ಅಂಗಡಿಗೆ ಬಂದ ತಾಯಿಯ ಮಾತು ತೆಗೆದೆ. ಹೆಸರು, ಊರು ಹೇಳಲಿಲ್ಲ. ನಿಮ್ಮದೇ ಗುಳಿಗೆ ಒಬ್ಬ ಹುಡುಗನಿಗೂ ಕೊಟ್ಟಿದ್ದಾರೆ, ಅವನ ಕೈಕಾಲು ಚೆನ್ನಾಗಿವೆ, ಮನಸ್ಸು ಮಾತ್ರ ಏಳುತ್ತಿಲ್ಲ ಎಂದೆ. ಅಪ್ಪ ಕಂಡಿಕೆಯ ತುದಿ ಹುಡುಕುತ್ತಿದ್ದರು. ತಲೆ ಎತ್ತದೆ, "ಅಕಿ ಮತ್ತ ಬಂದ್ರ ಕೇಳು. ಆ ಹುಡುಗಗ ಬ್ಯಾಸರ ಬರಾಕತ್ತೇತೇನು ಅಂತ," ಎಂದರು.

ಆಕೆ ಮತ್ತೆ ಬಂದದ್ದು ದೀಪಾವಳಿಯ ಮುಂಚೆ. ಅಂಗಡಿಯಲ್ಲಿ ಗದ್ದಲ. ಚೀಟಿ ನೋಡಿದೆ, ಅದೇ ಗುಳಿಗೆ, ಒಂದು ಹಂತ ಮೇಲೆ. ರಾತ್ರಿ ನಿದ್ದೆ, ಮೊಬೈಲಿನ ಆಟ, ದುಡ್ಡಿನ ಖರ್ಚು ಎಲ್ಲ ಕೇಳಿದೆ. ಅದೆಲ್ಲ ಸರಿಯಿದೆ ಎಂದರು. ಆಮೇಲೆ ಅಪ್ಪ ಹೇಳಿದ್ದನ್ನು ಕೇಳಿದೆ. ಆಕೆಗೆ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು, ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು.

"ಬ್ಯಾಸರ ಅಂತೇನೂ ಅಂದಿಲ್ಲ ಬಿಡ್ರಿ," ಎಂದರು. ಚಿಲ್ಲರೆ ಎಣಿಸುತ್ತ ಎಣಿಸುತ್ತ ನಿಲ್ಲಿಸಿದರು. "ಆದ್ರ ನಿನ್ನಿ ಬದನಿಕಾಯಿ ಪಲ್ಯಾಕ್ಕ ಉಪ್ಪ ಇಲ್ಲಂತ ತಾಟ ಸರಸಿ ಎದ್ದ ನೋಡ್ರಿ. ಎರಡ ವರ್ಷ ಆಗಿತ್ತ್ರೀ ಮೇಡಮ್ಮಾರ, ನಾ ಏನ್ ನೀಡಿದ್ರೂ ಸುಮ್ಮನ ಉಣ್ಣಾವ."